ಕುಂಕುಮ ಮೇಲೆ, ಅರಿಶಿನ ಕೆಳಗೆ

ಒಂಟಿಕೊಪ್ಪಲ್, ಮೈಸೂರು
೬ ನವೆಂಬರ್ ೧೯೬೬

ಅಣ್ಣ,

ಹಗ್ಗ ಎಳೆದವಳು ನಾನು ಎಂಬ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ನಿನಗೆ ಬರೆಯೋಣವೆಂದು ಕೂತಿದ್ದೆ. ಒಂದು ಹಾಳೆ ಹಾಗೆಯೇ ಬರೆದೂ ಆಗಿತ್ತು. ಓದಿ ನೋಡಿದರೆ ಶಾಲೆಯ ವಾರ್ಷಿಕ ವರದಿಯ ಹಾಗಿತ್ತು. ‘ಬಾವುಟವನ್ನು ಹಾರಿಸಲಾಯಿತು.’ ಯಾರು ಹಾರಿಸಿದರು ಎಂಬುದೇ ಅದರಲ್ಲಿರಲಿಲ್ಲ. ಹರಿದುಹಾಕಿ ಮತ್ತೆ ಶುರು ಮಾಡಿದ್ದೇನೆ.

ಮೊನ್ನೆ ಒಂದನೇ ತಾರೀಖಿಗೆ ರಾಜ್ಯ ಒಂದಾಗಿ ಹತ್ತು ವರ್ಷ ತುಂಬಿತಲ್ಲ. ಹತ್ತನೇ ಕ್ಲಾಸಿನ ಹುಡುಗಿಯರು ವಾರದ ಮುಂಚೆಯೇ ನನ್ನ ಕೋಣೆಗೆ ಬಂದು, “ಮೇಡಂ, ಬೆಂಗಳೂರಲ್ಲಿ ಕನ್ನಡದ ಬಾವುಟ ಅಂತ ಮಾಡಿದ್ದಾರಂತೆ. ನಾವೂ ಹಾರಿಸೋಣ” ಎಂದರು. ಈ ಸುದ್ದಿ ದೆಹಲಿಯವರೆಗೆ ಬಂದಿದೆಯೋ ಇಲ್ಲವೋ, ಕನ್ನಡ ಚಳವಳಿಯವರು ಈಚೆಗೆ ಹಳದಿ ಕೆಂಪು ಎರಡು ಪಟ್ಟಿಯ ಬಾವುಟವೊಂದನ್ನು ಹಿಡಿದು ಮೆರವಣಿಗೆ ಹೋಗುತ್ತಾರೆ. ಸರ್ಕಾರದ್ದಲ್ಲ. ಬೇಡವೆಂದು ಸರ್ಕಾರ ಹೇಳಿದ್ದನ್ನೂ ನಾನು ಕೇಳಿಲ್ಲ. ನಮ್ಮ ಶಾಲೆಯಲ್ಲಿ ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಕಪ್ಪು ಬಿಳುಪು ಚಿತ್ರ. ಅದರಲ್ಲೂ ಗಾಳಿಯಿಲ್ಲದೆ ಬಾವುಟ ಕೋಲಿಗೆ ಸುತ್ತಿಕೊಂಡಿತ್ತು. ನಮಗೆ ಗೊತ್ತಿದ್ದದ್ದು ಇಷ್ಟೇ, ಅರಿಶಿನ ಕುಂಕುಮದ ಬಣ್ಣ.

ಹೊಲಿಗೆ ಕಲಿಸುವ ಬೋರಮ್ಮನನ್ನು ನೀನು ಮರೆತಿರಲಾರೆ. ಕಡಕೊಳದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯವಳು, ನೀನು ಕಾಲೇಜು ಸೇರಿದಾಗ ನಿನ್ನ ಮೊದಲ ಪ್ಯಾಂಟು ನೋಡಿ ‘ಎರಡು ಚೀಲದೊಳಕ್ಕೆ ಕಾಲು ಇಳಿಬುಟ್ಕಂಡವ್ನೆ’ ಎಂದವಳು. ಬಟ್ಟೆ ತಂದು ಅವಳ ಮುಂದಿಟ್ಟು, ಯಾವ ಬಣ್ಣ ಮೇಲೆ ಬರಬೇಕು ಎಂದು ಕೇಳಿದೆ.

“ಇದ್ನೂ ಕೇಳ್ತೀರಲ್ಲ ಚಾಮವ್ವ,” ಎಂದು ನಕ್ಕಳು. “ಅರಿಸ್ನ ಮೊದ್ಲು ಬಳ್ಕತೀವಿ, ಅದ್ರ ಮೇಲೆ ಕುಂಕ್ಮ ಇಕ್ಕತೀವಿ. ಕುಂಕ್ಮದ ಮೇಲೆ ಅರಿಸ್ನ ಬಳ್ಕೊಂಡೋರ್ನ ಎಲ್ಲಾದ್ರೂ ಕಂಡಿದ್ದೀರಾ?”

ನಾನು ಕಂಡಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಬ್ರಿಟಿಷರ ಬಾವುಟ ಯೂನಿಯನ್ ಜಾಕ್ ತಲೆಕೆಳಗಾಗಿದ್ದರೆ ಹೇಗೆ ಗುರುತಿಸಬೇಕೆಂದು ಬಿಳಿಯ ಪಟ್ಟಿ ತೋರಿಸಿ ಹೇಳಿಕೊಟ್ಟಿದ್ದರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬೋರಮ್ಮನ ಮಾತು ಸರಿಯೆನಿಸಿತು. ಕೆಂಪು ಮೇಲೆ, ಹಳದಿ ಕೆಳಗೆ ಇಟ್ಟು ಹೊಲಿದಳು.

ನಮ್ಮ ಶಾಲೆಗೆ ಇರುವುದು ಒಂದೇ ಕಂಬ. ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ಅದೇ. ಹುಡುಗಿಯರು ಸೇವಂತಿಗೆಯ ಎಸಳು ಬಿಡಿಸಿ ಬಾವುಟದ ಮಡಿಕೆಯೊಳಗೆ ತುಂಬಿದರು. ಮುಖ್ಯೋಪಾಧ್ಯಾಯಿನಿ ಎಂದು ನನ್ನ ಕೈಗೆ ಹಗ್ಗ ಕೊಟ್ಟರು. ಎಳೆದೆ. ಗಂಟು ಬಿಚ್ಚಿ, ಹೂವು ಉದುರಿ, ಬಾವುಟ ಹರಡಿಕೊಂಡಿತು. ನನ್ನ ಕನ್ನಡ ಕೇಳಿ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರು ಅಂದು ನನ್ನ ಕಡೆ ಬೇರೆ ರೀತಿ ನೋಡಿದರು. ನನಗೆ ಅದು ಹಿತವಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಅಷ್ಟರಲ್ಲಿ ರಸ್ತೆಯಲ್ಲಿ ಕನ್ನಡ ಸಂಘದ ಹುಡುಗರ ಮೆರವಣಿಗೆ ಬಂತು. ಅವರ ಕೈಯಲ್ಲಿ ಹಳದಿ ಮೇಲಿತ್ತು. ಗೇಟಿನ ಹತ್ತಿರ ನಿಂತು, “ತಲೆಕೆಳಗು! ತಲೆಕೆಳಗು!” ಎಂದು ಕೂಗಿದರು. ನಾವು ಇಳಿಸಿ, ಕುಣಿಕೆ ತಿರುಗಿಸಿ ಕಟ್ಟಿದ್ದರೆ ಮುಗಿಯುತ್ತಿತ್ತು. ಗಾಬರಿಯಲ್ಲಿ ಇಳಿಸಿ ಒಳಗೆ ತೆಗೆದುಕೊಂಡು ಹೋದೆವು. ಸಂಜೆಗೆ ಆಡಳಿತ ಸಮಿತಿಯ ಅಧ್ಯಕ್ಷ ಚನ್ನಬಸವಯ್ಯನವರು ಬಂದು ಬೋರಮ್ಮನನ್ನು ಸಸ್ಪೆಂಡ್ ಮಾಡಿದರು. ನನ್ನನ್ನಲ್ಲ.

ಅವಳು ನಿವೃತ್ತಿಯ ಹತ್ತಿರ ಇರುವವಳು. ಈಗ ವಜಾ ಆದರೆ ಇಷ್ಟು ವರ್ಷದ ಸೇವೆ ನೀರಿಗೆ ಹೋದಂತೆ. ನೀನು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದೀಯ. ಇಂಥ ಬಾವುಟ ಹಾರಿಸಬಾರದೆಂಬ ನಿಯಮ ಇದೆಯೇ, ಇಲ್ಲವೇ? ಇಷ್ಟನ್ನು ವಿಚಾರಿಸಿ ಬರೆ.

ನಿನ್ನ ತಂಗಿ
ಚಾಮುಂಡೇಶ್ವರಿ


ನವದೆಹಲಿ
೧೭ ನವೆಂಬರ್ ೧೯೬೬

ಪ್ರೀತಿಯ ಚಾಮುಗೆ,

ಆಶೀರ್ವಾದ. ಪಾರ್ಲಿಮೆಂಟಿನ ಮುಂದೆ ಗಲಾಟೆಯಾಗಿ ಊರಲ್ಲಿ ಕರ್ಫ್ಯೂ ಹಾಕಿದ್ದರು, ಅದರಿಂದ ನಿನ್ನ ಕಾಗದ ತಡವಾಗಿ ಸಿಕ್ಕಿತು. ನಾವು ಕ್ಷೇಮ. ನಿನ್ನ ಅತ್ತಿಗೆ ಕಮಲ ನಿನಗೆಂದು ಸ್ವೆಟರ್ ಹೆಣೆಯುತ್ತಿದ್ದಾಳೆ. ಮೈಸೂರಿನಲ್ಲಿ ಇಷ್ಟು ದಪ್ಪದ್ದು ಯಾರು ಹಾಕಿಕೊಳ್ಳುತ್ತಾರೆ ಎಂದರೆ ಕೇಳುವುದಿಲ್ಲ.

ನೀನು ಕೇಳಿದ ವಿಷಯ. ರಾಷ್ಟ್ರಧ್ವಜದ ಜೊತೆ ಬೇರೆ ಬಾವುಟ ಇದ್ದರೆ ಯಾವುದು ಎಲ್ಲಿರಬೇಕು ಎಂಬುದಕ್ಕೆ ಸೂಚನೆಗಳಿವೆ. ರಾಜ್ಯಕ್ಕೊಂದು ಬಾವುಟ ಇರಬಹುದು ಎಂದಾಗಲಿ, ಇರಬಾರದು ಎಂದಾಗಲಿ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಆದರೆ ಇದು ನಿನಗೆ ಮಾತ್ರ. ನಾನು ಹೇಳಿದೆನೆಂದು ಅಲ್ಲಿ ಯಾರ ಮುಂದೆಯೂ ಆಡಬೇಡ. ಪ್ರತ್ಯೇಕ ಎಂಬ ಶಬ್ದ ಕೇಳಿದರೇ ಇಲ್ಲಿ ಜನ ತಲೆಯೆತ್ತಿ ನೋಡುವ ಕಾಲ ಇದು.

ಇಷ್ಟಕ್ಕೂ ಅದು ಎರಡು ತುಂಡು ಬಟ್ಟೆ ಚಾಮು. ಅದಕ್ಕಾಗಿ ನೀನು ಕೆಲಸ ಕಳೆದುಕೊಳ್ಳಬೇಕೇ? ಬೋರಮ್ಮನಿಗೆ ಬೇರೆಲ್ಲಾದರೂ ಹೊಲಿಗೆಯ ಕೆಲಸ ಕೊಡಿಸು. ಹಗ್ಗ ಎಳೆದದ್ದು ನೀನೆಂದು ನನಗೆ ಬರೆದದ್ದಾಯಿತು, ಇನ್ನು ಯಾರಿಗೂ ಬರೆಯಬೇಡ. ಸುಮ್ಮನಿದ್ದರೆ ಇಂಥದ್ದು ತಾನಾಗಿ ತಣ್ಣಗಾಗುತ್ತದೆ.

ನಿನ್ನ ಅಣ್ಣ
ನಂಜುಂಡಸ್ವಾಮಿ


ಒಂಟಿಕೊಪ್ಪಲ್, ಮೈಸೂರು
೨೪ ನವೆಂಬರ್ ೧೯೬೬

ಅಣ್ಣನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ತಣ್ಣಗಾಗಲಿಲ್ಲ. ಬೋರಮ್ಮನ ಕೈಗೆ ಮೆಮೊ ಬಂದಿದೆ. ಅದರಲ್ಲಿ ಎರಡು ಆರೋಪ. ಸರ್ಕಾರದ ಮಾನ್ಯತೆಯಿಲ್ಲದ ಬಟ್ಟೆಯೊಂದನ್ನು ರಾಷ್ಟ್ರಧ್ವಜದ ಕಂಬಕ್ಕೆ ಏರಿಸಲು ಹೊಲಿದುಕೊಟ್ಟದ್ದು ಒಂದು. ಕನ್ನಡ ಬಾವುಟವನ್ನು ತಲೆಕೆಳಗಾಗಿ ಹೊಲಿದು ನಾಡಿಗೆ ಅವಮಾನ ಮಾಡಿದ್ದು ಇನ್ನೊಂದು.

ಎರಡು ಸಲ ಓದಿದೆ. ನನ್ನ ಕನ್ನಡವೇ ಕೈಕೊಡುತ್ತಿದೆಯೇನೋ ಎಂದು ಇಂಗ್ಲಿಷಿಗೆ ಮಾಡಿಕೊಂಡೂ ನೋಡಿದೆ. ಅಲ್ಲಿಯೂ ಹಾಗೆಯೇ ಇತ್ತು. ಬಾವುಟವೇ ಅಲ್ಲದ ಬಟ್ಟೆಗೆ ತಲೆ ಯಾವುದು, ಕೆಳಗು ಯಾವುದು? ತಲೆ ಇದೆ ಎಂದಾದರೆ ಅದು ಬರೀ ಬಟ್ಟೆ ಹೇಗಾಗುತ್ತದೆ? ಚನ್ನಬಸವಯ್ಯನವರ ಮನೆಗೇ ಹೋಗಿ ಕೇಳಿದೆ.

“ಸಾರ್, ಅದು ಬಾವುಟವೋ ಬಟ್ಟೆಯೋ? ಒಂದು ಹೇಳಿ.”

“ಕೂತ್ಕೊಳ್ಳಿ ಮೇಡಂ. ಕಾಫಿ ತಗೊಳ್ಳಿ. ಬೀದೀಲಿ ಬಾವುಟ, ಕಂಬದ ಮೇಲೆ ಬಟ್ಟೆ.”

“ಒಂದೇ ವಸ್ತು ಎರಡೂ ಆಗುತ್ತದೆಯೇ?”

“ಫೆಬ್ರವರೀಲಿ ಎಲೆಕ್ಷನ್ ಇದೆ ಕಣ್ರೀ. ಪಾರ್ಟಿಯೋರು ಬಂದು, ಏನ್ರೀ ನಿಮ್ಮ ಸ್ಕೂಲಲ್ಲಿ ಯಾವ್ದೋ ಬಾವುಟ ಹಾರ್ಸಿದ್ರಂತೆ ಅಂತಾರೆ. ಸಂಘದ ಹುಡುಗ್ರು ಬಂದು, ನಮ್ಮ ಬಾವುಟಾನ ಉಲ್ಟಾ ಹಾರ್ಸಿದ್ರಲ್ರೀ ಅಂತಾರೆ. ಇಬ್ರಿಗೂ ಒಂದೊಂದು ಹಾಕಿದ್ದೀನಿ.”

“ಹಾಗಾದರೆ ನನ್ನ ಹೆಸರಿಗೆ ಹಾಕಿ. ಹಗ್ಗ ಎಳೆದವಳು ನಾನು.”

“ಊರಿಗೇ ಗೊತ್ತು ಬಿಡಿ. ಮಾರ್ಚಿಗೆ ಪರೀಕ್ಷೆ. ನೀವು ಹೋದ್ರೆ ನಡ್ಸೋರ್ಯಾರು? ಹೊಲಿಗೆ ನಿಂತ್ರೆ ಯಾರೂ ಫೇಲಾಗಲ್ಲ.”

ಕಾಫಿ ಚೆನ್ನಾಗಿತ್ತು. ಕುಡಿದೆ. ಕುಡಿಯಬಾರದಿತ್ತು ಎಂದು ದಾರಿಯಲ್ಲಿ ಅನಿಸಿತು.

ಈಗ ನಿಮ್ಮ ಎರಡು ತುಂಡು ಬಟ್ಟೆಯ ಮಾತು. ಸ್ವಾತಂತ್ರ್ಯ ಬಂದ ವರ್ಷ, ಮೈಸೂರಿಗೂ ಜವಾಬ್ದಾರಿ ಸರ್ಕಾರ ಬೇಕೆಂದು ಚಳವಳಿಯಾದಾಗ, ಅಪ್ಪ ಇನ್ನೂ ಅರಮನೆಯ ಬಾಗಿಲಲ್ಲಿ ಪಹರೆ ನಿಲ್ಲುತ್ತಿದ್ದರು. ಅವರ ತಲೆಯ ಮೇಲೆ ಗಂಡಭೇರುಂಡದ ಬಾವುಟ. ಆ ಸೆಪ್ಟೆಂಬರಿನಲ್ಲಿ ಕಡಕೊಳದ ಚಾವಡಿಯ ಮೇಲೆ ಹತ್ತಿ ತ್ರಿವರ್ಣ ಕಟ್ಟಿದವರು ನೀವು. ಠಾಣೆಯಲ್ಲಿ ಹೆಸರು ಕೇಳಿದಾಗ ನಿಮ್ಮ ಜೊತೆಯವರು ಬಾಯಿಗೆ ಬಂದ ಹೆಸರು ಹೇಳಿ ತಪ್ಪಿಸಿಕೊಂಡರು. ನೀವು ಮಾತ್ರ ‘ಕಡಕೊಳದ ಜವರಯ್ಯನ ಮಗ ನಂಜುಂಡಸ್ವಾಮಿ’ ಎಂದು ತಂದೆಯ ಹೆಸರು, ಊರು ಎಲ್ಲ ಸೇರಿಸಿ ಬರೆಸಿದಿರಿ. ಬಿಡುಗಡೆಯಾಗಿ ಬಂದ ದಿನ ಅಪ್ಪ ಕೇಳಿದ್ದು ನನಗೆ ನೆನಪಿದೆ. “ಯಾವ ಬಾವುಟನಾದ್ರೂ ಕಟ್ಕೊ. ನನ್ನ ಎಸ್ರು ಯಾಕ್ಲಾ ಏಳ್ದೆ?” ನೀವು, “ನಿನ್ನ ಮಗ ಅಲ್ವಾ, ಬ್ಯಾರೆ ಯಾರ ಎಸ್ರು ಏಳ್ಲಪ್ಪ?” ಎಂದಿರಿ. ಕೆಲವು ವರ್ಷಗಳ ನಂತರ ಅಪ್ಪ ಆ ಮೂರು ಬಣ್ಣದ ಕೆಳಗೂ ಅಷ್ಟೇ ಸೆಟೆದು ನಿಂತರು. ಅವರಿಗೂ ಅದು ಬಟ್ಟೆಯಾಗಿರಲಿಲ್ಲ, ನಿಮಗೂ ಆಗಿರಲಿಲ್ಲ.

ಇದನ್ನು ಬರೆಯಲು ನನಗೇನು ಅಧಿಕಾರ ಎಂದೂ ಯೋಚಿಸಿದೆ. ಆಗ ನಾನು ಮನೆಯೊಳಗೆ ಕೂತು ಬಿ.ಎ. ಪರೀಕ್ಷೆಗೆ ಇಂಗ್ಲೆಂಡಿನ ರಾಜರ ಪಟ್ಟಿ ಬಾಯಿಪಾಠ ಮಾಡುತ್ತಿದ್ದೆ. ನನಗೆ ಬಾವುಟದ ಬಗ್ಗೆ ಪ್ರೀತಿ ಹುಟ್ಟಿದ್ದು ನಲವತ್ತು ದಾಟಿದ ಮೇಲೆ, ಅದೂ ಹುಡುಗಿಯರು ಚಪ್ಪಾಳೆ ತಟ್ಟಿದ್ದಕ್ಕೆ. ಅದು ನಿಜವಾದ ಪ್ರೀತಿಯೋ ಅಲ್ಲವೋ ನನಗೇ ತಿಳಿಯದು. ಬೋರಮ್ಮ ಮನೆಯಲ್ಲಿ ಕೂತಿರುವುದು ಮಾತ್ರ ನಿಜ.

ನಾನು ಕೇಳುವುದು ಇಷ್ಟೇ. ನೀವು ನನಗೆ ಬರೆದ ಆ ಒಂದು ಮಾತನ್ನು, ಇರಬಹುದೆಂದೂ ಇಲ್ಲ ಇರಬಾರದೆಂದೂ ಇಲ್ಲ ಎಂಬುದನ್ನು, ನಿಮ್ಮ ಹೆಸರು ಹಾಕಿ ಬೇರೆ ಹಾಳೆಯಲ್ಲಿ ಬರೆದುಕೊಡಿ. ಸಮಿತಿಯ ಮುಂದೆ ಇಡುತ್ತೇನೆ. ಮೊದಲನೇ ಆರೋಪ ಬಿದ್ದುಹೋಗುತ್ತದೆ. ಎರಡನೆಯದಕ್ಕೆ ಕುಣಿಕೆ ತಿರುಗಿಸಿದರೆ ಸಾಕು.

ಚಾಮುಂಡೇಶ್ವರಿ


ನವದೆಹಲಿ
೧೯ ಡಿಸೆಂಬರ್ ೧೯೬೬

ಚಾಮು,

ನೀವು ಎಂದು ಬರೆದಿದ್ದೀಯ. ಕಾಗದವನ್ನು ಮೊದಲು ಕಮಲ ಓದಿದಳು. ಓದಿ, “ನಿಮ್ಮ ತಂಗಿ ನಿಮ್ಮನ್ನ ಹೊಸಿಲ ಆಚೆ ನಿಲ್ಸಿದ್ದಾಳೆ ನೋಡಿ” ಎಂದಳು.

ತಡವಾದದ್ದಕ್ಕೆ ಕಾರಣ ಹೇಳುತ್ತೇನೆ. ನಾನು ಸುಮ್ಮನೆ ಕೂತಿರಲಿಲ್ಲ. ಊಟದ ಬಿಡುವಿನಲ್ಲಿ ಕ್ಯಾಂಟೀನಿನಲ್ಲಿ ನನ್ನ ಮೇಲಿನ ಅಧಿಕಾರಿಯನ್ನು ಕೇಳಿದೆ, ಯಾರದೋ ಸಂದೇಹ ಎನ್ನುವ ಹಾಗೆ. ಅವರು ಮೇಜಿನ ಸುತ್ತ ಇದ್ದವರಿಗೆಲ್ಲ ಕೇಳುವಂತೆ, “ಮೈಸೂರಿಗೂ ಈಗ ಬಾವುಟ ಬೇಕಂತೆ! ಗಂಧದ ಎಣ್ಣೆ ಸಾಲಲಿಲ್ಲವೇನಯ್ಯ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ತಮಾಷೆಯೆಂದು ಕಮಲನಿಗೆ ಹೇಳಿದೆ. ಅವಳು ನಗಲಿಲ್ಲ. ಹೆಣೆಯುತ್ತಲೇ ಇದ್ದಳು.

ನನ್ನ ಬಡ್ತಿಯ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಈಗ ನನ್ನ ಹೆಸರಿನ ಪಕ್ಕ ಬಾವುಟ ಎಂಬ ಶಬ್ದ ಬರಬಾರದು. ಇಪ್ಪತ್ನಾಲ್ಕು ವಯಸ್ಸಿನಲ್ಲಿ ಠಾಣೆಯಲ್ಲಿ ಹೆಸರು ಹೇಳುವುದು ಸುಲಭ ಚಾಮು. ಕಳೆದುಕೊಳ್ಳಲು ನನ್ನದೆಂಬುದು ಏನೂ ಇರಲಿಲ್ಲ, ಅಪ್ಪನದಿತ್ತು. ಅದು ಆಗ ನನಗೆ ಹೊಳೆದಿರಲಿಲ್ಲ.

ನೀನು ಕೇಳಿದ ಮಾತನ್ನು ಟೈಪು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಹೆಸರು ಹಾಕಿಲ್ಲ. ವಿಷಯ ಸರಿಯಾಗಿದ್ದರೆ ಹೆಸರು ಯಾಕೆ ಬೇಕು?

ಸ್ವೆಟರ್ ಪಾರ್ಸೆಲಿನಲ್ಲಿ ಬರುತ್ತದೆ.

ನಂಜುಂಡಸ್ವಾಮಿ


ಒಂಟಿಕೊಪ್ಪಲ್, ಮೈಸೂರು
೨೫ ಜನವರಿ ೧೯೬೭

ಅಣ್ಣ,

ಒಂದು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದರೆ ಮತ್ತೆ ನೀವು ಎಂದೇ ಬರುತ್ತಿತ್ತು. ಸ್ವೆಟರ್ ಬಂತು. ಈ ಸಲ ಇಲ್ಲಿಯೂ ಚಳಿ ಇದೆ, ಬೆಳಗಿನ ಹೊತ್ತು ಹಾಕಿಕೊಳ್ಳುತ್ತಿದ್ದೇನೆಂದು ಅತ್ತಿಗೆಗೆ ಹೇಳು.

ಸಂಕ್ರಾಂತಿ ಕಳೆದ ಮೇಲೆ ಸಮಿತಿಯ ಸಭೆ ಸೇರಿತು. ನಿನ್ನ ಹಾಳೆ ತೆಗೆದುಕೊಂಡು ಹೋಗಿದ್ದೆ. ವಿಷಯ ಸರಿಯಾಗಿದ್ದರೆ ಹೆಸರು ಬೇಕಿಲ್ಲ ಎಂಬ ನಿನ್ನ ಮಾತನ್ನು ನಂಬಿ ನೋಡೋಣ ಎಂದುಕೊಂಡೆ. ಚನ್ನಬಸವಯ್ಯನವರು ಓದಿದರು, ತಿರುಗಿಸಿ ಹಿಂದುಗಡೆ ನೋಡಿದರು, ಬೆಳಕಿಗೆ ಹಿಡಿದರು.

“ಯಾರು ಬರ್ದಿದ್ದು ಮೇಡಂ ಇದು?”

“ಗೊತ್ತಿರುವವರು.”

“ಹೆಸ್ರಿಲ್ವಲ್ಲ. ಅಪ್ಪ ಯಾರು ಅಂತ ಗೊತ್ತಿಲ್ದಿರೋ ಕೂಸನ್ನ ತಂದು ಮಡ್ಲಿಗೆ ಹಾಕ್ತೀರಲ್ರೀ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇದನ್ನು ನಿನಗೆ ಚುಚ್ಚಲೆಂದು ಬರೆದೆನೋ, ನಡೆದದ್ದೆಂದು ಬರೆದೆನೋ ಎಂದು ಕೇಳಿಕೊಂಡೆ. ಎರಡೂ ಇರಬೇಕು.

ಆಮೇಲೆ ಬೋರಮ್ಮನನ್ನು ಒಳಗೆ ಕರೆದರು. ಕ್ಷಮಾಪಣೆ ಬರೆದುಕೊಟ್ಟರೆ ನಾಳೆಯಿಂದಲೇ ಕೆಲಸಕ್ಕೆ ಬರಬಹುದು ಎಂದರು. ಬರೆದುಕೊಡಲಿ, ಮುಗಿಯಲಿ ಎಂದೇ ನನಗನಿಸಿತು.

“ಯಾವ್ದುಕ್ ಸ್ವಾಮಿ?” ಎಂದಳು ಬೋರಮ್ಮ.

“ಎರಡಕ್ಕೂ ಕಣಮ್ಮ. ಮೆಮೊದಲ್ಲೇ ಇದ್ಯಲ್ಲ,” ಎಂದರು ಅಧ್ಯಕ್ಷರು.

“ಅಂಗಲ್ಲ ಸ್ವಾಮಿ. ಅದು ಬರೀ ಬಟ್ಟೆ ಅನ್ನಿ, ಕಂಬುಕ್ ಬಟ್ಟೆ ಕಟ್ಟಿದ್ದು ತೆಪ್ಪಾಯ್ತು ಅಂತ ಎಬ್ಬೆಟ್ಟಲ್ಲ, ಸೈನೇ ಹಾಕ್ತೀನಿ. ಬಾವುಟ ಅನ್ನಿ, ಉಲ್ಟಾ ಒಲ್ದಿದ್ದು ತೆಪ್ಪಾಯ್ತು ಅಂತ ಕೈ ಮುಗ್ದು ಬರ್ಕೊಡ್ತೀನಿ. ಒಂದೇ ಬಾಯಲ್ಲಿ ಎರಡೂ ಎಂಗಂದೇನು? ನಾಳೆ ನಮ್ಮ ಎಣ್ಮಕ್ಳು ಕೇಳುದ್ರೆ, ನಾನು ಒಲ್ದಿದ್ದು ಏನು ಅಂತ ಏಳ್ಲಿ?”

ಒಬ್ಬರು ಗಡಿಯಾರ ನೋಡಿದರು. ಕೊನೆಗೆ ಅಧ್ಯಕ್ಷರು ಒಂದು ನಿರ್ಣಯ ಬರೆಸಿದರು. ನಿನಗೆ ಅದರ ಮಾತುಗಳನ್ನೇ ಬರೆಯುತ್ತೇನೆ. ‘ಸದರಿ ಬಾವುಟದ ಸ್ಥಾನಮಾನವನ್ನು ಸರ್ಕಾರವು ತೀರ್ಮಾನಿಸುವವರೆಗೆ ಬೋರಮ್ಮನವರ ಅಮಾನತು ಮುಂದುವರಿಯತಕ್ಕದ್ದು.’

ಸರ್ಕಾರ ಯಾವಾಗ ತೀರ್ಮಾನಿಸುತ್ತದೆ ಎಂದು ಕೇಳಿದೆ. “ಯಾರಾದ್ರೂ ಕೇಳಿದ್ರೆ ತಾನೇ ತೀರ್ಮಾನ ಮಾಡೋದು” ಎಂದರು. ಯಾರು ಕೇಳಬೇಕು ಎಂದೆ. “ಎಲೆಕ್ಷನ್ ಮುಗೀಲಿ.” ಅಣ್ಣ, ಇದು ನನ್ನ ಕಾಲದಲ್ಲಿ ಮುಗಿಯುವ ಲೆಕ್ಕವೇ? ಬೇಡವೆನ್ನುವುದಕ್ಕೂ ಯಾರಿಗೂ ಧೈರ್ಯವಿಲ್ಲ, ಸರಿಯೆನ್ನುವುದಕ್ಕೂ ಇಲ್ಲ. ನಡುವೆ ಒಬ್ಬ ಹೆಂಗಸು ಮನೆಯಲ್ಲಿ ಕೂತಿರಬೇಕು.

ಮಾರನೆಯ ದಿನ ನಾನೊಂದು ಕಾಗದ ಕೊಟ್ಟೆ. ಹೊಲಿಯಲು ಹೇಳಿದವಳು ನಾನು, ಹಗ್ಗ ಎಳೆದವಳು ನಾನು, ಎರಡು ಆರೋಪಗಳನ್ನೂ ನನ್ನ ಹೆಸರಿಗೆ ವರ್ಗಾಯಿಸಿ, ಆಗದಿದ್ದರೆ ಬೋರಮ್ಮ ಒಳಗೆ ಬರುವವರೆಗೆ ನಾನೂ ಹೊರಗಿರುತ್ತೇನೆ ಎಂದು ಬರೆದೆ. ಬೀರುವಿನ ಬೀಗದ ಕೈಯನ್ನೂ ಕೊಟ್ಟೆ. ಅಧ್ಯಕ್ಷರ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. ಪರೀಕ್ಷೆ ಹತ್ತಿರ ಬರುತ್ತಿದೆ. ಹುಡುಗಿಯರನ್ನು ಹೀಗೆ ನಡುನೀರಿನಲ್ಲಿ ಬಿಟ್ಟದ್ದು ಸರಿಯೇ ಎಂದು ದಿನವೂ ಯೋಚಿಸುತ್ತೇನೆ. ಸರಿಯೆಂದು ಖಂಡಿತವಾಗಿ ಹೇಳಲಾರೆ. ಸಂಜೆ ಹೊತ್ತು ಹತ್ತನೇ ಕ್ಲಾಸಿನವರು ನನ್ನ ಮನೆಯ ಜಗಲಿಗೆ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದಾರೆ.

ನಾಳೆ ಗಣರಾಜ್ಯೋತ್ಸವ. ಶಾಲೆಯ ಗೇಟಿನ ಆಚೆ ರಸ್ತೆಯಲ್ಲಿ ನಾನೂ ಬೋರಮ್ಮನೂ ನಿಲ್ಲುತ್ತೇವೆ. ಒಳಗೆ ತ್ರಿವರ್ಣ ಏರಿದಾಗ ಅಲ್ಲಿಂದಲೇ ವಂದಿಸುತ್ತೇವೆ. ನಮಗೆ ಆ ಬಾವುಟದ ಮೇಲೆ ಏನೂ ಜಗಳವಿಲ್ಲ ಎಂಬುದು ನಿನ್ನ ಕ್ಯಾಂಟೀನಿನವರಿಗೆ ತಿಳಿಯದು, ನಿನಗಾದರೂ ತಿಳಿದಿರಲಿ. ರಸ್ತೆಯಲ್ಲಿ ನಿಂತರೆ ಜನ ಏನೆಂದಾರು ಎಂದು ನಾನು ಹಿಂಜರಿದೆ. ಬೋರಮ್ಮ, “ನಾವು ಆಚೆ ನಿಂತ್ರೂ ಅದು ಎತ್ರದಲ್ಲಿರ್ತದಲ್ಲ ಚಾಮವ್ವ, ಅದ್ಕೆ ಕಾಣ್ತದೆ ಬುಡಿ” ಎಂದಳು.

ನಿನ್ನ ಹಾಳೆಯನ್ನು ಇದರ ಜೊತೆ ವಾಪಸು ಇಟ್ಟಿದ್ದೇನೆ. ಟೈಪಿನ ಸಾಲುಗಳ ಕೆಳಗೆ ಬೇಕಾದಷ್ಟು ಜಾಗವಿದೆ. ಬಡ್ತಿ ನಿನಗೆ ಸಿಗಬೇಕು, ಅದು ತಪ್ಪಿದರೆ ನನಗೂ ಸಂತೋಷವಾಗುವುದಿಲ್ಲ. ಅದಕ್ಕಾಗಿ ಹೆಸರು ಹಾಕಲಾರದೆ ಹೋದರೆ ನಾನು ತಪ್ಪು ತಿಳಿಯುವುದಿಲ್ಲ ಎಂದು ಬರೆಯಹೊರಟೆ. ಅದು ಸುಳ್ಳಾಗುತ್ತದೆ. ತಪ್ಪು ತಿಳಿಯುತ್ತೇನೆ, ಆದರೂ ತಂಗಿಯಾಗಿಯೇ ಇರುತ್ತೇನೆ. ಹಾಕುವುದಾದರೆ ಕಡಕೊಳದ ಜವರಯ್ಯನ ಮಗ ಎಂದೂ ಸೇರಿಸಿ ಹಾಕು. ಅಪ್ಪ ಈಗ ಯಾಕೆಂದು ಕೇಳುವುದಿಲ್ಲ.

ನಾಳೆ ಅಂಚೆ ಕಚೇರಿಗೆ ರಜ. ಇದನ್ನು ನಾಡಿದ್ದು ಶುಕ್ರವಾರ ಅಂಚೆಗೆ ಹಾಕುತ್ತೇನೆ.

ನಿನ್ನ ತಂಗಿ
ಚಾಮುಂಡೇಶ್ವರಿ